ಕಿರುತೆರೆಯ ಪೋಲೀಸರೂ ಎಂದೂ ತಪ್ಪದ ಉಪಕರಣಗಳೂ

ಭೌತಶಾಸ್ತ್ರದ ವಿದ್ಯಾರ್ಥಿಯೊಬ್ಬನು ಲೋಲಕದ ಪ್ರಯೋಗವನ್ನು ಮುಗಿಸಿ, ಗುರುತ್ವ ವೇಗೋತ್ಕರ್ಷವು 9.8 ಎಂದಷ್ಟೇ ಬರೆದು ತಂದರೆ, ‘ಎಷ್ಟು ಹೆಚ್ಚುಕಡಿಮೆ?’ ಎಂದು ಕೇಳಿ ಪುಸ್ತಕವನ್ನು ಹಿಂದಿರುಗಿಸುವುದು ನಮ್ಮ ಅಧ್ಯಾಪಕರ ವಾಡಿಕೆ. ತಪ್ಪಿನ ಮಿತಿಯನ್ನು ಹೇಳದ ಅಳತೆಗೆ ವಿಜ್ಞಾನದಲ್ಲಿ ಬೆಲೆಯಿಲ್ಲ. ಸಂಜೆ ಮನೆಗೆ ಬಂದು ದೂರದರ್ಶನದ ಮುಂದೆ ಕುಳಿತರೆ ಬೇರೊಂದು ಲೋಕವೇ ತೆರೆದುಕೊಳ್ಳುತ್ತದೆ. ಅಲ್ಲಿನ ಪೋಲೀಸ್ ಅಧಿಕಾರಿಗೆ ನಿದ್ರೆ ಬಾರದಿರಬಹುದು, ಮೇಲಧಿಕಾರಿಯ ಕೋಪಕ್ಕೂ ಆತನು ಗುರಿಯಾಗಬಹುದು. ಅವನ ಪ್ರಯೋಗಶಾಲೆಯ ಉಪಕರಣ ಮಾತ್ರ ಎಂದೂ ತಪ್ಪುವುದಿಲ್ಲ. ಉಪಕರಣ ತಪ್ಪದಿರುವುದರಿಂದ ಪೋಲೀಸರೂ ತಪ್ಪುವುದಿಲ್ಲ. ಜನರಂಜನೆಯ ಕಥೆಗಳು ಪೋಲೀಸರಿಗೆ ಕಟ್ಟಿಕೊಟ್ಟಿರುವ ಕೀರ್ತಿಯಲ್ಲಿ ವಿಜ್ಞಾನದಿಂದ ಎರವಲು ತಂದದ್ದು ಎಷ್ಟೆಂಬುದನ್ನು ಇಲ್ಲಿ ಸ್ವಲ್ಪ ಪರಿಶೀಲಿಸೋಣ.

ಈ ಕೀರ್ತಿಯ ಕಾರ್ಖಾನೆ ಮೊದಲು ಪ್ರಾರಂಭವಾದದ್ದು ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಎನ್ನಬಹುದು. ಜ್ಯಾಕ್ ವೆಬ್ ಎಂಬ ನಟನು 1949ರಲ್ಲಿ ‘ಡ್ರ್ಯಾಗ್ನೆಟ್’ ಎಂಬ ರೇಡಿಯೋ ನಾಟಕಮಾಲೆಯನ್ನು ಆರಂಭಿಸಿದನು. 1951ರ ಡಿಸೆಂಬರ್ 16ರಂದು ಅದು ದೂರದರ್ಶನಕ್ಕೂ ಬಂದಿತು. ನಗರದ ಪೋಲೀಸ್ ಇಲಾಖೆಯು ತನ್ನ ಹಳೆಯ ಮೊಕದ್ದಮೆಗಳ ಕಡತಗಳನ್ನು ಅವನಿಗೆ ಒದಗಿಸಿತು. ಅದಕ್ಕೆ ಪ್ರತಿಯಾಗಿ, ಬರೆದ ಪ್ರತಿಯೊಂದು ಕಥೆಯೂ ಇಲಾಖೆಯ ಒಪ್ಪಿಗೆ ಪಡೆಯಬೇಕಾಗಿತ್ತು. ನಾಯಕ ಜೋ ಫ್ರೈಡೇ ಮಿತಭಾಷಿ, ನಿಷ್ಠಾವಂತ, ಸಂಗತಿಗಳನ್ನಷ್ಟೇ ಕೇಳುವವನು. 1982ರಲ್ಲಿ ವೆಬ್ ತೀರಿಕೊಂಡಾಗ ನಿಜವಾದ ಪೋಲೀಸ್ ಇಲಾಖೆಯೇ ಅವನ ಪಾತ್ರದ 714ನೆಯ ಬಿಲ್ಲೆಯ ಸಂಖ್ಯೆಯನ್ನು ಗೌರವಾರ್ಥವಾಗಿ ನಿವೃತ್ತಗೊಳಿಸಿತು. ಇರಲಿ. ನಾಟಕವು ದೂರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಒಂಬತ್ತು ದಿನಗಳ ತರುವಾಯ, ಕ್ರಿಸ್‌ಮಸ್ ದಿನದಂದು, ಅದೇ ಇಲಾಖೆಯ ಸಿಬ್ಬಂದಿ ಬಂದೀಖಾನೆಯಲ್ಲಿದ್ದ ಏಳು ಮಂದಿ ತರುಣರನ್ನು ಅಮಾನುಷವಾಗಿ ಥಳಿಸಿದರು. ಎಂಟು ಮಂದಿ ಪೋಲೀಸರ ಮೇಲೆ ಆರೋಪ ಹೊರಿಸಲಾಯಿತು, ಐವರಿಗೆ ಶಿಕ್ಷೆಯಾಯಿತು.

ಫ್ರೈಡೇಯ ಬಲವೆಲ್ಲ ಅವನ ಶೀಲದಲ್ಲಿತ್ತು. ಐವತ್ತು ವರ್ಷಗಳ ಅನಂತರ ಆ ಸ್ಥಾನಕ್ಕೆ ಪ್ರಯೋಗಶಾಲೆ ಬಂದಿತು. 2000ದಲ್ಲಿ ಆರಂಭವಾಗಿ 2015ರವರೆಗೆ ನಡೆದ ‘ಸಿ.ಎಸ್.ಐ.’ ಧಾರಾವಾಹಿಯಲ್ಲಿ ಲಾಸ್ ವೇಗಾಸ್ ನಗರದ ತಜ್ಞರು ಕೂದಲು, ಧೂಳು, ರಕ್ತಬಿಂದುಗಳನ್ನು ಯಂತ್ರಗಳ ಮುಂದಿಡುತ್ತಾರೆ. ಯಂತ್ರಗಳು ಅಪರಾಧಿಯ ಹೆಸರನ್ನು ಹೇಳುತ್ತವೆ. ನಮ್ಮಲ್ಲಿಯೂ 1998ರಲ್ಲಿ ಪ್ರಾರಂಭವಾದ ‘ಸಿ.ಐ.ಡಿ.’ ಎಂಬ ಹಿಂದೀ ಧಾರಾವಾಹಿಯಲ್ಲಿ ಡಾಕ್ಟರ್ ಸಾಳುಂಕೆಯವರು ಒಂದು ದ್ರವಕ್ಕೆ ಇನ್ನೊಂದನ್ನು ತೊಟ್ಟಿಕ್ಕಿಸಿದೊಡನೆಯೇ ಬಣ್ಣ ಬದಲಾಗಿ ವಿಷ ಯಾವುದೆಂದು ತಿಳಿದುಬಿಡುತ್ತದೆ. ರಸಾಯನಶಾಸ್ತ್ರದ ಮಿತ್ರರು ಇದನ್ನು ಕಂಡು ನಿಟ್ಟುಸಿರಿಡುತ್ತಾರೆ.

ನಮ್ಮ ನಿಟ್ಟುಸಿರಿಗೆ ಕಾರಣ ಬೇರೆ. ದೂರದ ಕ್ಯಾಮರಾದಲ್ಲಿ ಮೂಡಿದ ಮಸುಕಾದ ಕಾರಿನ ಚಿತ್ರವನ್ನು ಅಧಿಕಾರಿಯು ‘ಇನ್ನಷ್ಟು ದೊಡ್ಡದು ಮಾಡಿ’ ಎನ್ನುತ್ತಲೇ ಅದರ ಸಂಖ್ಯೆಯ ಹಲಗೆ ಸ್ಫುಟವಾಗಿ ಕಾಣುವ ದೃಶ್ಯವನ್ನು ನೋಡದವರು ವಿರಳ. ಇದು ಸಾಧ್ಯವೆ? ಬೆಳಕು ತರಂಗರೂಪದ್ದು. ಮಸೂರದ ಕಿಂಡಿಯ ಮೂಲಕ ಹಾಯುವಾಗ ಅದು ಸ್ವಲ್ಪ ಹರಡಿಕೊಳ್ಳುತ್ತದೆ. ಈ ವಿವರ್ತನೆಯಿಂದಾಗಿ ಒಂದು ಬಿಂದುವಿನ ಬಿಂಬವು ಬಿಂದುವಾಗಿರದೆ ಪುಟ್ಟ ಬಿಲ್ಲೆಯಾಗುತ್ತದೆ. ಕಿಂಡಿಯ ವ್ಯಾಸ 2 ಮಿಲಿಮೀಟರ್, ಬೆಳಕಿನ ತರಂಗಾಂತರ 550 ನ್ಯಾನೋಮೀಟರ್ ಎಂದಿಟ್ಟುಕೊಳ್ಳಿ. 100 ಮೀಟರ್ ದೂರದಲ್ಲಿ ಎರಡು ಬಿಂದುಗಳು ಬೇರೆಬೇರೆಯಾಗಿ ತೋರಬೇಕಾದರೆ ಅವುಗಳ ನಡುವೆ ಸುಮಾರು 3.4 ಸೆಂಟಿಮೀಟರ್ ಅಂತರ ಇರಬೇಕು. ನಮ್ಮ ಕಾರುಗಳ ಹಲಗೆಯ ಮೇಲಿನ ಅಕ್ಷರಗಳ ಗೆರೆಯ ದಪ್ಪವಾದರೋ ಸುಮಾರು 1 ಸೆಂಟಿಮೀಟರ್. ಅಕ್ಷರದ ಗೆರೆಗಳು ಕ್ಯಾಮರಾದೊಳಗೆ ಹೋಗುವ ಮೊದಲೇ ಒಂದರಲ್ಲೊಂದು ಬೆರೆತುಹೋಗಿವೆ; ಚಿತ್ರವನ್ನು ಹಿಗ್ಗಿಸಿದರೆ ಮಸುಕು ಹಿಗ್ಗುವುದೇ ಹೊರತು ಅಕ್ಷರ ಮೂಡದು. ಒಂದೇ ದೃಶ್ಯದ ಹಲವು ಚಿತ್ರಗಳನ್ನು ಕೂಡಿಸಿ ಕಿಂಚಿತ್ ವಿವರವನ್ನು ಹೆಚ್ಚಿಸಬಹುದೆಂಬುದು ದಿಟ. ಈಚಿನ ಗಣಕ ತಂತ್ರಾಂಶಗಳಂತೂ ಮಸುಕಿನ ಜಾಗದಲ್ಲಿ ಅಚ್ಚುಕಟ್ಟಾದ ಅಕ್ಷರಗಳನ್ನೇ ತುಂಬಿಕೊಡಬಲ್ಲವು. ಆದರೆ ಆ ಅಕ್ಷರಗಳು ಬಂದದ್ದು ಆ ಕಾರಿನಿಂದಲ್ಲ, ತಂತ್ರಾಂಶವು ಹಿಂದೆ ಕಂಡಿದ್ದ ಸಾವಿರಾರು ಬೇರೆ ಹಲಗೆಗಳಿಂದ. ಹಾಗೆ ಮೂಡಿದ ಸಂಖ್ಯೆ ಯಾವ ಬಡಪಾಯಿಯ ಕಾರಿನದೋ!

ಬೆರಳಚ್ಚಿನ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ತೆರೆಯ ಮೇಲೆ ಸಾವಿರಾರು ಗುರುತುಗಳು ಸರಸರನೆ ಸರಿದು, ಕೊನೆಗೆ ಒಂದೇ ಮುಖ ನಿಲ್ಲುತ್ತದೆ. ವಾಸ್ತವದಲ್ಲಿ ಗಣಕವು ಕೊಡುವುದು ಒಂದು ಹೆಸರನ್ನಲ್ಲ, ಹೋಲಿಕೆಯ ಕ್ರಮದಲ್ಲಿ ಜೋಡಿಸಿದ ಹಲವು ಹೆಸರುಗಳ ಪಟ್ಟಿಯನ್ನು. ತೀರ್ಮಾನಿಸುವವನು ಮನುಷ್ಯ. 2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬುಗಳು ಸಿಡಿದು ನೂರ ತೊಂಬತ್ತಕ್ಕೂ ಹೆಚ್ಚು ಜನ ಮಡಿದರು. ಸಿಡಿಗೊಳವೆಗಳಿದ್ದ ಪ್ಲಾಸ್ಟಿಕ್ ಚೀಲವೊಂದರ ಮೇಲಿದ್ದ ಬೆರಳಿನ ಗುರುತು ಅಮೆರಿಕದ ಆರೆಗನ್ ರಾಜ್ಯದ ವಕೀಲನೊಬ್ಬನದೆಂದು ಅಲ್ಲಿನ ಎಫ್.ಬಿ.ಐ. ಸಾರಿತು. ಗಣಕದ ಪಟ್ಟಿಯಲ್ಲಿದ್ದ ಇಪ್ಪತ್ತು ಹೆಸರುಗಳಲ್ಲಿ ಅವನದು ನಾಲ್ಕನೆಯದು. ಸಂಸ್ಥೆಯ ತಜ್ಞರು ಒಬ್ಬರ ಹಿಂದೊಬ್ಬರು ಒಪ್ಪಿದರು. ನ್ಯಾಯಾಲಯವು ನೇಮಿಸಿದ ಸ್ವತಂತ್ರ ತಜ್ಞನೂ ಒಪ್ಪಿದನು. ಸ್ಪೇನಿನ ಪೋಲೀಸರು ಮಾತ್ರ ಒಪ್ಪಲಿಲ್ಲ. ಆ ಗುರುತು ಆಲ್ಜೀರಿಯದ ಬೇರೊಬ್ಬನದೆಂದು ಅವರು ತೋರಿಸಿಕೊಟ್ಟ ಬಳಿಕ, ಎರಡು ವಾರ ಸೆರೆಯಲ್ಲಿದ್ದ ವಕೀಲನು ಬಿಡುಗಡೆ ಹೊಂದಿದನು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಸಂಗ್ರಹವು ದೊಡ್ಡದಾದಷ್ಟೂ, ಸಂಬಂಧವೇ ಇಲ್ಲದ ಆದರೆ ಬಹಳ ಹೋಲುವ ಗುರುತು ಅದರಲ್ಲಿ ಸಿಕ್ಕುವ ಸಂಭವ ಹೆಚ್ಚುತ್ತದೆ. ಕಥೆಗಾರನ ಪಾಲಿಗೆ ಸಂಗ್ರಹದ ಗಾತ್ರವೇ ಭರವಸೆ. ಗಣಿತದ ಪಾಲಿಗೆ ಅದೇ ಎಚ್ಚರಿಕೆ.

ಕೂದಲಿನ ಕಥೆ ಇನ್ನೂ ಕಠೋರ. ಸೂಕ್ಷ್ಮದರ್ಶಕದಲ್ಲಿ ಕೂದಲುಗಳನ್ನು ಹೋಲಿಸಿ ತನ್ನ ತಜ್ಞರು ನುಡಿದ ಸಾಕ್ಷ್ಯವನ್ನು ಎಫ್.ಬಿ.ಐ. ಪುನಃ ಪರಿಶೀಲಿಸಿ 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಆಪಾದಿತನಿಗೆ ಪ್ರತಿಕೂಲವಾಗಿ ಸಾಕ್ಷ್ಯ ಬಳಕೆಯಾಗಿದ್ದ 268 ವಿಚಾರಣೆಗಳ ಪೈಕಿ 257ರಲ್ಲಿ ತಜ್ಞರು ವಿಜ್ಞಾನವು ಸಮ್ಮತಿಸದ ಮಾತುಗಳನ್ನು ಆಡಿದ್ದರು. ಮರಣದಂಡನೆಗೆ ಗುರಿಯಾದವರೂ ಅವುಗಳಲ್ಲಿದ್ದರು. ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಳಿಯು 2009ರಲ್ಲಿಯೇ, ಡಿ.ಎನ್.ಎ. ವಿಶ್ಲೇಷಣೆಯೊಂದನ್ನು ಬಿಟ್ಟರೆ, ಸಾಕ್ಷ್ಯವನ್ನು ಒಬ್ಬ ನಿರ್ದಿಷ್ಟ ವ್ಯಕ್ತಿಗೆ ನಿಶ್ಚಿತವಾಗಿ ಜೋಡಿಸಬಲ್ಲದೆಂದು ಕಟ್ಟುನಿಟ್ಟಾಗಿ ಸಿದ್ಧಪಟ್ಟ ವಿಧಾನ ಯಾವುದೂ ಇಲ್ಲವೆಂದು ತಿಳಿಸಿತ್ತು.

ನೋಡುಗರ ಮೇಲೆ ಈ ಕಥೆಗಳ ಪ್ರಭಾವವೆಷ್ಟು? ಅಮೆರಿಕದಲ್ಲಿ ಅಪರಾಧವನ್ನು ನಿರ್ಣಯಿಸುವವರು ಸಾಮಾನ್ಯ ಪ್ರಜೆಗಳಿಂದ ಕೂಡಿದ ಜ್ಯೂರಿ. ಮಿಷಿಗನ್ ರಾಜ್ಯದ ನ್ಯಾಯಾಧೀಶರೊಬ್ಬರು 2006ರಲ್ಲಿ ಜ್ಯೂರಿಗೆ ಬಂದ ಸುಮಾರು ಸಾವಿರ ಮಂದಿಯನ್ನು ಪ್ರಶ್ನಿಸಿದಾಗ, ಎಲ್ಲ ಕ್ರಿಮಿನಲ್ ಮೊಕದ್ದಮೆಯಲ್ಲಿಯೂ ವೈಜ್ಞಾನಿಕ ಸಾಕ್ಷ್ಯ ಇರಬೇಕೆಂದು ಶೇಕಡ 46 ಮಂದಿ ನಿರೀಕ್ಷಿಸಿದ್ದರು. ಆದರೆ ಧಾರಾವಾಹಿಯನ್ನು ನೋಡುವವರು ಆಪಾದಿತರನ್ನು ಸುಲಭವಾಗಿ ಬಿಟ್ಟುಬಿಡುತ್ತಾರೆಂಬ ಸರಕಾರಿ ವಕೀಲರ ದೂರಿಗೆ ಹೆಚ್ಚಿನ ಆಧಾರ ಸಿಕ್ಕಲಿಲ್ಲ.

ನಮ್ಮಲ್ಲಿ ಅಂಥ ಜ್ಯೂರಿಯಿಲ್ಲ. ಯಂತ್ರದ ಮೋಹವು ಬೇರೊಂದು ಬಾಗಿಲಿನಿಂದ ಒಳಬಂದಿತು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯವು ‘ಮಂಪರು ಪರೀಕ್ಷೆ’ಗಾಗಿ ದೇಶದಲ್ಲೆಲ್ಲ ಹೆಸರಾಗಿತ್ತು. ಸೋಡಿಯಂ ಪೆಂಟಥಾಲ್ ಎಂಬುದು ಅರಿವಳಿಕೆಯ ಔಷಧಿ. ಅದರ ಮಂಪರಿನಲ್ಲಿ ನಾಲಗೆ ಸಡಿಲವಾಗುವುದು ನಿಜ. ಹಾಗೆ ಹೊರಬಿದ್ದ ಮಾತಿನಲ್ಲಿ ನೆನಪು ಯಾವುದು, ಕಲ್ಪನೆ ಯಾವುದು, ಪ್ರಶ್ನೆ ಕೇಳಿದವನೇ ಸೂಚಿಸಿದ್ದು ಯಾವುದು ಎಂದು ಬೇರ್ಪಡಿಸುವ ಉಪಾಯವಿಲ್ಲ. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ, ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ, ಈ ಮೂರನ್ನೂ ಯಾರ ಮೇಲೂ ಬಲವಂತವಾಗಿ ನಡೆಸಕೂಡದೆಂದು ತೀರ್ಪಿತ್ತಿತು. ಸಮ್ಮತಿಯಿಂದ ನಡೆದ ಪರೀಕ್ಷೆಯ ಉತ್ತರಗಳೂ ತಾವಾಗಿಯೇ ಸಾಕ್ಷ್ಯವಾಗುವುದಿಲ್ಲ. ಅವುಗಳ ನೆರವಿನಿಂದ ತರುವಾಯ ದೊರೆತ ವಸ್ತುವನ್ನು ಮಾತ್ರ ನ್ಯಾಯಾಲಯವು ಪರಿಗಣಿಸಬಹುದು.