ಅಳುವ ನಾಯಿಮರಿಗೆ ಶಿಕ್ಷೆಯೋ, ಶಿಕ್ಷಣವೋ?

ನಾಯಿಯ ಬಾಲ ಡೊಂಕೆಂಬುದು ನಮ್ಮಲ್ಲಿ ಗಾದೆಯಾಗಿ ನಿಂತಿದೆ. ಬಾಲದ ಮಾತು ಹೇಗೇ ಇರಲಿ, ನಾಯಿಯ ನಡತೆಯನ್ನು ತಿದ್ದಬಹುದೆಂಬುದರಲ್ಲಿ ಸಂಶಯವಿಲ್ಲ. ಆದರೆ ತಿದ್ದುವವನು ಮೊದಲು ತಾನೇ ಕೆಲವು ಸಂಗತಿಗಳನ್ನು ಕಲಿಯಬೇಕಾಗುತ್ತದೆ.

ಕಳೆದ ಚಳಿಗಾಲದಲ್ಲಿ ನಮ್ಮ ಮುಚ್ಚಂಡಿಯಲ್ಲಿ ನಡೆದ ಸಂಗತಿಯಿದು. ನಾಲ್ಕನೆಯ ಇಯತ್ತೆಯ ಹುಡುಗನೊಬ್ಬನು ಮೂರು ದಿನಗಳಿಂದ ತರಗತಿಯಲ್ಲಿ ತೂಕಡಿಸುತ್ತಿದ್ದನು. ವಿಚಾರಿಸಲಾಗಿ, ಮನೆಗೆ ತಂದ ನಾಯಿಮರಿಯು ರಾತ್ರಿಯಿಡೀ ಅಳುತ್ತದೆಂದೂ ಹೊಡೆದರೆ ಇನ್ನಷ್ಟು ಅಳುತ್ತದೆಂದೂ ತಿಳಿಯಿತು. ಮನೆಯಲ್ಲಿ ಅಜ್ಜಿಯು ಹಾಸಿಗೆ ಹಿಡಿದಿದ್ದಳು. ನಾಯಿಯ ಅಳು ಸಾವಿನ ಮುನ್ಸೂಚನೆಯೆಂದು ಬೆದರಿದ ಹಿರಿಯರು, ಬರುವ ಸಂತೆಯ ದಿನ ಮರಿಯನ್ನು ಹೆದ್ದಾರಿಯಾಚೆ ಬಿಟ್ಟುಬರಲು ನಿಶ್ಚಯಿಸಿದ್ದರು. "ಗುರೂಜಿ, ಬಿಟ್ಟು ಬಂದ್ರ ಅದು ಸಾಯ್ತೈತ್ರಿ" ಎಂದು ಹುಡುಗನು ಕಣ್ಣೊರೆಸಿಕೊಂಡನು.

ಅಂದು ಸಂಜೆ ಅವರ ಮನೆಗೆ ಹೋದೆನು. ಮರಿಗೆ ಏಳು ವಾರ ತುಂಬಿರಲಿಲ್ಲ. ಹಿತ್ತಲಿನ ಗೂಟಕ್ಕೆ, ತಣ್ಣನೆಯ ನೆಲದ ಮೇಲೆ ಅದನ್ನು ಕಟ್ಟಿದ್ದರು. ಮರಿಯು ಎಂಟು ವಾರಗಳವರೆಗಾದರೂ ತಾಯಿಯ ಬಳಿ ಇರತಕ್ಕದ್ದು; ಆದರೆ ಮರಿಯನ್ನು ಕೊಟ್ಟ ಕುರಿಗಾರರು ಹಿಂಡಿನೊಂದಿಗೆ ಮುಂದೆ ಸಾಗಿಬಿಟ್ಟಿದ್ದರು. ಒಡಹುಟ್ಟಿದವುಗಳ ಮೈಶಾಖದಲ್ಲಿ ಮಲಗುತ್ತಿದ್ದ ಜೀವವು ಒಬ್ಬಂಟಿಯಾದಾಗ ಕೂಗಿ ಕರೆಯದೆ ಇನ್ನೇನು ಮಾಡೀತು?

ಅಪಶಕುನದ ಮಾತಿಗೆ ಹಿರಿಯರೊಡನೆ ನಾನು ವಾದಿಸಲಿಲ್ಲ; ಇಷ್ಟನ್ನೇ ಹೇಳಿದೆನು. ತೋಳಗಳಂತೆ ನಾಯಿಗಳೂ ದೂರದ ಸಂಗಾತಿಗಳನ್ನು ಕರೆಯಲು ಊಳಿಡುತ್ತವೆ. ಅವು ಊಳಿಡುವ ರಾತ್ರಿಗಳು ಎಷ್ಟೋ. ರೋಗಿಯಿರುವ ಮನೆಯಲ್ಲಿ ಎಲ್ಲರೂ ಎಚ್ಚರವಿರುವುದರಿಂದ ಅಂದಿನ ಕೂಗು ಕಿವಿಗೆ ಬೀಳುತ್ತದೆ, ನೆನಪಿನಲ್ಲಿ ಉಳಿಯುತ್ತದೆ. ಉಳಿದ ರಾತ್ರಿಗಳ ಕೂಗು ಮರೆತುಹೋಗುತ್ತದೆ. ಹಿರಿಯರು ನನಗೆ ಹದಿನೈದು ದಿನಗಳ ಅವಧಿ ಕೊಟ್ಟರು.

ಮೊದಲನೆಯ ಕೆಲಸ, ಅಳುವಿನ ಕಾರಣವನ್ನು ಹುಡುಕುವುದು. ಹಸಿವೆ, ಚಳಿ, ಮೂತ್ರದ ಅವಸರ, ಹೊಟ್ಟೆಯ ಜಂತು, ಉಣ್ಣೆ, ಕಿವಿನೋವು ಇವೆಲ್ಲವೂ ಅಳುವಾಗಿಯೇ ಹೊರಬರುತ್ತವೆ. ಈ ಪಾಠವನ್ನು ನಾನು ತಡವಾಗಿ ಕಲಿತವನು. ನೌಕರಿಯ ಆರಂಭದ ದಿನಗಳಲ್ಲಿ, ಸದಾ ಮುಸುಗುಟ್ಟುತ್ತಿದ್ದ ಒಂದನೆಯ ಇಯತ್ತೆಯ ಬಾಲಕಿಯನ್ನು ಬೆತ್ತ ತೋರಿಸಿ ಸುಮ್ಮನಾಗಿಸಿದ್ದೆನು. ಮರುದಿನ ಅವಳ ಕಿವಿಯಿಂದ ಕೀವು ಸೋರುತ್ತಿತ್ತು. ಬೆತ್ತವು ಅಳುವನ್ನು ನಿಲ್ಲಿಸಿತ್ತು, ನೋವನ್ನಲ್ಲ.

ಎರಡನೆಯದು, ಮರಿಯ ಹಾಸಿಗೆಯನ್ನು ಮನೆಯವರ ಸಮೀಪಕ್ಕೆ ತರುವುದು. ಹುಡುಗನು ಹೊದ್ದ ಹಳೆಯ ಕಂಬಳಿಯ ತುಂಡನ್ನು ಹಾಸಿ, ಅವನು ಮಲಗುವ ಪಡಸಾಲೆಯಲ್ಲಿಯೇ ಅದನ್ನು ಮಲಗಿಸಿದೆವು. ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಒಮ್ಮೆ ಹೊರಗೆ ಒಯ್ಯುವುದು. ಆಗ ಆಟವಿಲ್ಲ, ಮಾತಿಲ್ಲ.

ಮೂರನೆಯದೇ ನಿಜವಾದ ಶಿಕ್ಷಣ. ಶಿಕ್ಷಕರ ತರಬೇತಿಯಲ್ಲಿ ಪಾವ್ಲೋವನ ನಾಯಿಯನ್ನೂ ಥಾರ್ನ್‌ಡೈಕನ ಬೆಕ್ಕನ್ನೂ ನಾವು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆವು. ಥಾರ್ನ್‌ಡೈಕನು 1898ರಲ್ಲಿ ಪ್ರಕಟಿಸಿದ ಪ್ರಯೋಗಗಳ ಸಾರವಿಷ್ಟು: ಯಾವ ಕ್ರಿಯೆಯಿಂದ ಸುಖ ದೊರೆಯುವುದೋ ಪ್ರಾಣಿಯು ಅದನ್ನೇ ಮತ್ತೆ ಮಾಡುತ್ತದೆ. ಮರಿಯು ಅತ್ತೊಡನೆ ನಾವು ರೊಟ್ಟಿಯ ಚೂರು ಹಿಡಿದು ಓಡಿದರೆ ಅಳುವಿಗೆ ಕೂಲಿ ಕೊಟ್ಟಂತಾಯಿತು. ಆದುದರಿಂದ ಅದರ ಅಗತ್ಯಗಳೆಲ್ಲ ಪೂರೈಸಿದ ಬಳಿಕ, ಅದು ಕ್ಷಣಕಾಲ ಸುಮ್ಮನಾಗುವವರೆಗೆ ಕಾಯಬೇಕು. ಆಗ ಹೋಗಿ ಮೈದಡವಬೇಕು. ಮೊದಲು ಎಣಿಕೆ ಐದರವರೆಗೆ, ಆ ಮೇಲೆ ಹತ್ತು, ಇಪ್ಪತ್ತು. ಹಗಲಿನಲ್ಲಿ ಬಾಗಿಲಾಚೆ ಹೋಗಿ ಅರೆನಿಮಿಷದಲ್ಲಿ ಮರಳುವುದು, ದಿನದಿನಕ್ಕೆ ಅವಧಿಯನ್ನು ಹೆಚ್ಚಿಸುವುದು. ಅಗಲಿದವರು ತಿರುಗಿ ಬರುತ್ತಾರೆಂಬ ನಂಬಿಕೆ ಹೀಗೆ ಬೆಳೆಯುತ್ತದೆ.

ಒಂದು ಎಚ್ಚರಿಕೆ. ಕೂಲಿ ನಿಂತ ಮೊದಲ ದಿನಗಳಲ್ಲಿ ಅಳು ಹೆಚ್ಚಾಗುವುದುಂಟು. ಬೇಸತ್ತು ನಾಲ್ಕನೆಯ ರಾತ್ರಿ ಸೋತರೆ, ನಾಲ್ಕು ರಾತ್ರಿ ಅಳಬೇಕೆಂಬುದನ್ನೇ ಮರಿಯು ಕಲಿಯುತ್ತದೆ. ಆಗೊಮ್ಮೆ ಈಗೊಮ್ಮೆ ಫಲ ಕೊಟ್ಟ ಅಭ್ಯಾಸವೇ ಬಹುಕಾಲ ಉಳಿಯುತ್ತದೆಂಬುದನ್ನು ಸ್ಕಿನ್ನರ್ ಎಂಬ ವಿದ್ವಾಂಸನು ತೋರಿಸಿಕೊಟ್ಟಿದ್ದಾನೆ. ಮನೆಮಂದಿಯೆಲ್ಲ ಒಂದೇ ನಿಯಮಕ್ಕೆ ಬದ್ಧರಾಗಿರಬೇಕು.

ಬೆಳೆದ ನಾಯಿಗಳ ಮಾತು ಬೇರೆ. ನಮ್ಮ ಸೀಮೆಯಲ್ಲಿ ಅನೇಕರು ಮುಧೋಳ ತಳಿಯ, ಅರ್ಥಾತ್ ಕಾರವಾನ ನಾಯಿಗಳನ್ನು ಸಾಕುತ್ತಾರೆ. 2005ರಲ್ಲಿ ಅಂಚೆಚೀಟಿಯನ್ನೇರಿದ ಈ ತಳಿ ಬೇಟೆಗೂ ಓಟಕ್ಕೂ ಹುಟ್ಟಿದ್ದು. ಇಂಥದನ್ನು ಹಗಲಿರುಳು ಸರಪಳಿಯಲ್ಲಿಟ್ಟರೆ ಅಳದೆ ಇದ್ದೀತೇ? ಅದಕ್ಕೆ ನಿತ್ಯ ಓಟವೇ ಔಷಧ. ನಾಯಿಯ ಧ್ವನಿಯು ಒಮ್ಮಿಂದೊಮ್ಮೆಲೆ ಬದಲಾಗಿ, ಜೊಲ್ಲು ಸುರಿಯತೊಡಗಿದರೆ ಹುಚ್ಚುರೋಗವನ್ನು ಶಂಕಿಸಬೇಕು; ಮಕ್ಕಳನ್ನು ದೂರವಿಟ್ಟು ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದ್ದಾದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ದವಾಖಾನೆಗೆ ಧಾವಿಸತಕ್ಕದ್ದು. ಮರಿಗೆ ಮೂರು ತಿಂಗಳಾದೊಡನೆ ಲಸಿಕೆ ಹಾಕಿಸಲು ಮರೆಯಬಾರದು.

ನಮ್ಮ ಮರಿಯ ಅಳು ಐದನೆಯ ರಾತ್ರಿ ಏರಿತು, ಎಂಟನೆಯ ರಾತ್ರಿ ಇಳಿಯಿತು. ಹದಿನೈದು ದಿನಗಳೊಳಗೆ ಮನೆಯವರೆಲ್ಲ ನಿದ್ದೆ ಕಂಡರು. ಹುಡುಗನ ತೂಕಡಿಕೆ ನಿಂತಿತು. ಅಜ್ಜಿಯೂ ಚೇತರಿಸಿಕೊಂಡು ಪಡಸಾಲೆಯಲ್ಲಿ ಕೂಡ್ರುವಂತಾದಳು. ಮೊನ್ನೆ ಹೋದಾಗ, ಮರಿಯು ಕುಂಯ್‌ಗುಟ್ಟಿದೊಡನೆ ಅವಳೇ ಸೆರಗಿನ ಮರೆಯಿಂದ ರೊಟ್ಟಿಯ ಚೂರು ಕೊಡುತ್ತಿದ್ದಳು. ನಿಯಮಭಂಗವೇನೋ ನಿಜ. ನಾನು ಕಂಡೂ ಕಾಣದಂತೆ ಎದ್ದುಬಂದೆನು.