ಕ್ರೀಡಾ ಹಾಸ್ಟೆಲ್ ಸಿಗದ ಕಾಲೇಜು ಆಟಗಾರರಿಗೆ ಊಟದ ನೆರವು ಎಲ್ಲಿಂದ? ಇಲ್ಲಿದೆ ಪೂರ್ತಿ ಮಾಹಿತಿ

ಕೊಪ್ಪಳ: ಕಾಲೇಜು ಟೀಮ್‌ನಲ್ಲಿ ಆಡೋರಲ್ಲಿ ಎರಡು ಥರ. ಆಯ್ಕೆ ಶಿಬಿರದಲ್ಲಿ ಪಾಸಾಗಿ ಕ್ರೀಡಾ ಹಾಸ್ಟೆಲ್ ಸೇರಿದವರು ಒಂದು ಕಡೆ. ಯಾವ ಪಟ್ಟಿಯಲ್ಲೂ ಹೆಸರಿಲ್ಲದೆ, ಆಟದ ಹುಚ್ಚಿಗೆ ತಾವಾಗೇ ಮೈದಾನಕ್ಕೆ ಬರೋರು ಇನ್ನೊಂದು ಕಡೆ. ಫುಟ್ಬಾಲ್ ಇರಲಿ, ಕಬಡ್ಡಿ, ಖೋಖೋ, ವಾಲಿಬಾಲ್ ಇರಲಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜುಗಳಲ್ಲಿ ಎರಡನೇ ಥರದವರೇ ಟೀಮ್ ತುಂಬಿಸೋದು. ಆದರೆ ಊಟದ ನೆರವು ಮಾತ್ರ ಪಟ್ಟಿ ನೋಡಿ ಬರ್ತದೆ.

ಹತ್ತನೇ ಕ್ಲಾಸ್‌ವರೆಗೆ ತತ್ತಿ, ಆಮೇಲೆ?

ನಮ್ಮ ಜಿಲ್ಲೆಯ ಸರ್ಕಾರಿ ಶಾಲೆ ಮಕ್ಕಳಿಗೆ ಬಿಸಿಯೂಟದ ಜೊತೆ ತತ್ತಿ ಕೊಡೋದು ಶುರುವಾಗಿದ್ದು 2021ರ ಡಿಸೆಂಬರ್‌ನಲ್ಲಿ. ಅಪೌಷ್ಟಿಕತೆ ಜಾಸ್ತಿ ಇದ್ದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು ಅನ್ನೋದೇ ಅದಕ್ಕೆ ಕಾರಣ. ನಂತರ ಅದು ಹತ್ತನೇ ತರಗತಿವರೆಗೆ ವಿಸ್ತರಣೆಯಾಯ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಆಯ್ತು. ತತ್ತಿ ತಿನ್ನದವರಿಗೆ ಬಾಳೆಹಣ್ಣು.

ಪಿಯುಸಿ ಮೆಟ್ಟಿಲು ಹತ್ತಿದ ದಿನ ಇದು ನಿಲ್ತದೆ. ಮೈ ಬೆಳೆಯೋದು, ಆಟ ಜೋರಾಗೋದು ಅದೇ ವಯಸ್ಸಿನಲ್ಲಿ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರೋ ಹುಡುಗ ಡಬ್ಬಿಯ ರೊಟ್ಟಿ ಮಧ್ಯಾಹ್ನವೇ ಮುಗಿಸಿರ್ತಾನೆ. ನಾಲ್ಕು ಗಂಟೆಗೆ ಪ್ರಾಕ್ಟೀಸ್‌ಗೆ ನಿಲ್ಲೋ ಹೊತ್ತಿಗೆ ಹೊಟ್ಟೆ ಖಾಲಿ. ಹೀಗೆ ಆಡಿದರೆ ಸುಸ್ತು, ಸ್ನಾಯು ಸೆಳೆತ ಬೇಗ ಬರ್ತವೆ, ಪೆಟ್ಟಾದರೆ ವಾಸಿಯಾಗೋದೂ ತಡ.

ಈಗ ಏನೇನು ಸೌಲಭ್ಯ ಇವೆ?

* ಕ್ರೀಡಾ ಹಾಸ್ಟೆಲ್: ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದು. ಊಟ, ವಸತಿ, ತರಬೇತಿ ಮೂರೂ ಸಿಗ್ತವೆ. ಆದರೆ ಆಯ್ಕೆಯಾದವರಿಗೆ ಮಾತ್ರ.

* ಖೇಲೋ ಇಂಡಿಯಾ: ಆಯ್ಕೆಯಾದ ಕ್ರೀಡಾಪಟುಗಳಿಗೆ ತಿಂಗಳಿಗೆ 10,000 ರೂ. ಕೈಖರ್ಚಿಗೆ ಬರ್ತದೆ. ಇದು ರಾಷ್ಟ್ರಮಟ್ಟದ ಪ್ರತಿಭೆಗಳಿಗೆ ಇರೋದು. ತಾಲೂಕು ಮಟ್ಟದಲ್ಲಿ ಆಡೋರಿಗೆ ದೂರದ ಮಾತು.

* ವಿದ್ಯಾಸಿರಿ: ಇದು ಕ್ರೀಡಾ ಯೋಜನೆ ಅಲ್ಲ, ಆದರೂ ಆಟಗಾರರಿಗೆ ಹೆಚ್ಚು ಉಪಯೋಗಕ್ಕೆ ಬರೋದು ಇದೇ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ-ವಸತಿಗೆ ಅಂತ ತಿಂಗಳಿಗೆ 1,500 ರೂ.ನಂತೆ 10 ತಿಂಗಳು ಕೊಡೋ ಯೋಜನೆಯಾಗಿ ಇದು ಶುರುವಾಯ್ತು. ಅರ್ಜಿ ಹಾಕೋದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ರೆಡಿ ಇಟ್ಕೊಳ್ಳಿ.

* ಪರಿಶಿಷ್ಟ ಜಾತಿ, ಪಂಗಡದವರಿಗೆ: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಮನೆಯಿಂದ ಓಡಾಡೋರಿಗೂ ಭತ್ಯೆ ಇದೆ.

ಒಂದು ಎಚ್ಚರಿಕೆ. ವಿದ್ಯಾರ್ಥಿವೇತನಕ್ಕೆ ಹಾಜರಾತಿ ನೋಡ್ತಾರೆ. ಟೂರ್ನಿಗೆ ಹೋದ ದಿನ ಗೈರುಹಾಜರಿ ಅಂತ ಬೀಳದ ಹಾಗೆ ದೈಹಿಕ ಶಿಕ್ಷಣ ನಿರ್ದೇಶಕರಿಂದ ಪತ್ರ ಬರೆಸಿ ಆಫೀಸಿಗೆ ಕೊಡಿ.

ಬೇರೆ ಕಡೆ ಹೇಗೆ?

ಅಮೆರಿಕದ ಕಾಲೇಜು ಫುಟ್ಬಾಲ್‌ನಲ್ಲೂ (ಅದು ಚೆಂಡು ಕೈಯಲ್ಲಿ ಹಿಡಿದು ಓಡೋ ಬೇರೆ ಆಟ) ಇದೇ ತಾರತಮ್ಯ ಇತ್ತು. ವಿದ್ಯಾರ್ಥಿವೇತನ ಇಲ್ಲದೆ ತಾವಾಗೇ ಟೀಮ್ ಸೇರೋರನ್ನ ಅಲ್ಲಿ 'ವಾಕ್ ಆನ್' ಅಂತಾರೆ. ವೇತನ ಇದ್ದವರಿಗೆ ದಿನಕ್ಕೆ ಮೂರು ಊಟ ಇಲ್ಲವೇ ಅದರ ದುಡ್ಡು ಸಿಗ್ತಿತ್ತು, ವಾಕ್ ಆನ್‌ಗಳಿಗೆ ಆ ಹಕ್ಕು ಇರಲಿಲ್ಲ. 2014ರ ಏಪ್ರಿಲ್‌ನಲ್ಲಿ ಕನೆಕ್ಟಿಕಟ್ ವಿವಿಯ ಬಾಸ್ಕೆಟ್‌ಬಾಲ್ ಆಟಗಾರ ಶಬಾಜ್ ನೇಪಿಯರ್, ವೇತನ ಇದ್ದೂ ಎಷ್ಟೋ ರಾತ್ರಿ ಹಸಿದು ಮಲಗಿದ್ದೀನಿ ಅಂತ ಹೇಳಿದ್ದು ದೊಡ್ಡ ಸುದ್ದಿಯಾಯ್ತು. ಅದೇ ತಿಂಗಳು ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ, ಮೇಲಿನ ದರ್ಜೆಯ ಕಾಲೇಜುಗಳು ವಾಕ್ ಆನ್‌ಗಳೂ ಸೇರಿ ಎಲ್ಲ ಆಟಗಾರರಿಗೆ ಊಟ-ತಿಂಡಿ ಮಿತಿಯಿಲ್ಲದೆ ಕೊಡಬಹುದು ಅಂತ ನಿಯಮ ಬದಲಿಸಿತು. ಪಟ್ಟಿ ಬೇರೆ, ಹಸಿವು ಬೇರೆ ಅಂತ ಒಪ್ಪಿಕೊಂಡ ಹಾಗಾಯ್ತು.

ಎಷ್ಟು ಬೇಕು, ಏನು ತಿನ್ನಬೇಕು?

60 ಕೆ.ಜಿ. ತೂಕದ ಸಾಮಾನ್ಯ ವ್ಯಕ್ತಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು. ದಿನಾ ಬೆವರು ಹರಿಸಿ ಆಡೋರಿಗೆ 70ರಿಂದ 95 ಗ್ರಾಂ ಬೇಕಾಗ್ತದೆ. ಈ ವ್ಯತ್ಯಾಸ ತುಂಬಿಸೋಕೆ ದುಬಾರಿ ಪೌಡರ್ ಡಬ್ಬಿ ಬೇಡ. ಎರಡು ತತ್ತಿಯಲ್ಲಿ 12 ಗ್ರಾಂ, ಒಂದು ಹಿಡಿ (50 ಗ್ರಾಂ) ಶೇಂಗಾದಲ್ಲಿ 12 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ. ಅಲ್ಲಿಗೆ 32 ಗ್ರಾಂ ಆಯ್ತು. ತತ್ತಿ ತಿನ್ನದವರು ಪುಟಾಣಿ, ನೆನೆಸಿದ ಕಡಲೆ, ಮೊಳಕೆ ಹೆಸರು, ಹುರುಳಿ ತಿನ್ನಬಹುದು. ಇವೆಲ್ಲ ನಮ್ಮ ಸಂತೆಯಲ್ಲೇ ಸಿಗ್ತವೆ.

ಆಟಕ್ಕೆ ಒಂದು ತಾಸು ಮೊದಲು ಬಾಳೆಹಣ್ಣು, ಆಟ ಮುಗಿದ ಮೇಲೆ ಶೇಂಗಾ ಇಲ್ಲವೇ ತತ್ತಿ ಒಳ್ಳೆಯದು. ಬಿಸಿಲಲ್ಲಿ ಆಡಿದರೆ ಉಪ್ಪು, ಸಕ್ಕರೆ ಹಾಕಿದ ನಿಂಬೆ ನೀರು ಕುಡೀಬೇಕು.

ಹುಡುಗಿಯರು ರಕ್ತಹೀನತೆ ಕಡೆ ಗಮನ ಕೊಡ್ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಇದು ಇದೆ. ಸ್ವಲ್ಪ ಓಡಿದರೂ ಏದುಸಿರು ಬಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಚೆಕ್ ಮಾಡಿಸಿ.

ಅಂಗಡಿಯವರು, ಕಾಲೇಜು ಏನು ಮಾಡಬಹುದು?

ಟೂರ್ನಿ ಬಂದಾಗ ಟ್ರೋಫಿ, ಜರ್ಸಿ ಕೊಡಿಸೋ ಅಂಗಡಿಯವರು ಪ್ರತಿ ಊರಲ್ಲೂ ಇದ್ದಾರೆ. ಟ್ರೋಫಿ ಕಪಾಟಿನಲ್ಲಿ ಕೂರ್ತದೆ. ಒಂದು ಟ್ರೇಯಲ್ಲಿ 30 ತತ್ತಿ, ಅಂದ್ರೆ 15 ಆಟಗಾರರಿಗೆ ತಲಾ ಎರಡು. ವಾರಕ್ಕೆ ಮೂರು ದಿನ ಪ್ರಾಕ್ಟೀಸ್ ಇದ್ದರೆ ಮೂರು ಟ್ರೇ. ನಾಲ್ಕೈದು ಅಂಗಡಿ ಸೇರಿ ವಾರದ ಪಾಳಿ ಹಾಕ್ಕೊಂಡರೆ ಯಾರಿಗೂ ಹೊರೆಯಾಗಲ್ಲ. ದುಡ್ಡಿನ ಬದಲು ಸಾಮಾನೇ ಕೊಟ್ಟು, ಕಾಲೇಜಿನ ಪುಸ್ತಕದಲ್ಲಿ ಬರೆಸಿದರೆ ಲೆಕ್ಕ ಸರಿ ಇರ್ತದೆ.

ಅಡ್ಮಿಷನ್ ವೇಳೆ ಕ್ರೀಡಾ ಶುಲ್ಕ ಕಟ್ಟಿದ ವಿದ್ಯಾರ್ಥಿಗಳು, ಅದರಲ್ಲಿ ಸ್ವಲ್ಪ ಪ್ರಾಕ್ಟೀಸ್ ದಿನದ ತಿಂಡಿಗೆ ಇಡಿ ಅಂತ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಡಬಹುದು. ಮನವಿಯಲ್ಲಿ ಟೀಮ್‌ನ ಎಲ್ಲರ ಹೆಸರೂ ಇರಲಿ, ಆಯ್ಕೆಯಾದವರದ್ದು ಮಾತ್ರ ಅಲ್ಲ.