ಸಿಗರೇಟು ಡಬ್ಬಿಯ ಅಳತೆ

1943. ಶಾಂತಿನಿಕೇತನದ ದಾರಿ ಹಿಡಿದು ಎಲುಬುಗೂಡಾದ ಜನ ಕಲ್ಕತ್ತೆಯ ಕಡೆಗೆ ನಡೆದಿದ್ದರು. ಮನೆ ಬಾಗಿಲಿಗೆ ಬಂದವರಿಗೆ ಅಕ್ಕಿ ಕೊಡಲು ಅಜ್ಜ ಕ್ಷಿತಿಮೋಹನ ಸೇನರು ಮೊಮ್ಮಗನಿಗೆ ಅಪ್ಪಣೆ ಕೊಟ್ಟರು: ಒಂದು ಕುಟುಂಬಕ್ಕೆ ಸಿಗರೇಟಿನ ತಗಡು ಡಬ್ಬಿಯಲ್ಲಿ ಒಂದು ಅಳತೆ, ಅಷ್ಟೇ. ಒಂಬತ್ತು ವರ್ಷದ ಅಮರ್ತ್ಯ ಡಬ್ಬಿ ತುಂಬಿ ತುಂಬಿ ಸುರಿದ. ಬಂದವರೆಲ್ಲ ಹಳ್ಳಿಯ ಬಡವರು. ಅವನ ಶಾಲೆಯ ಗೆಳೆಯರಾಗಲಿ, ನೆಂಟರಾಗಲಿ ಒಂದು ಹೊತ್ತೂ ಉಪವಾಸವಿರಲಿಲ್ಲ. ಆ ವ್ಯತ್ಯಾಸ ಹುಡುಗನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಕಲ್ಕತ್ತೆ ತಲುಪಿದವರಲ್ಲಿ ಅನೇಕರು ಅನ್ನ ಬಸಿದ ಗಂಜಿಯನ್ನಾದರೂ ಕೊಡಿರೆಂದು ಬೇಡಿ, ಅಕ್ಕಿ ತುಂಬಿದ ಅಂಗಡಿಗಳ ಎದುರಿಗೇ ಸತ್ತರು. 1945ರಲ್ಲಿ ಬಂಗಾಳದ ಈ ಕ್ಷಾಮದ ವಿಚಾರಣಾ ಆಯೋಗ ವರದಿ ಕೊಟ್ಟಿತು. ಬರ್ಮಾದ ಅಕ್ಕಿ ನಿಂತಿತ್ತು, ಚಂಡಮಾರುತ ಬಡಿದಿತ್ತು, ಬೆಳೆಗೆ ರೋಗ ತಗುಲಿತ್ತು. ಅಕ್ಕಿ ಸಾಲದೆ ಜನ ಸತ್ತರು ಎಂಬುದು ಅದರ ಮುಖ್ಯ ತೀರ್ಮಾನ. ಹೆಚ್ಚಿನವರಿಗೆ ಅನುಮಾನ ಬರಲಿಲ್ಲ.

ಮೂವತ್ತು ವರ್ಷ ಉರುಳಿದವು. ಅರ್ಥಶಾಸ್ತ್ರಜ್ಞರಾಗಿ ಬೆಳೆದ ಅಮರ್ತ್ಯ ಸೇನ್ ಆ ಹಳೆಯ ಲೆಕ್ಕವನ್ನು ಮತ್ತೆ ಬಿಚ್ಚಿದರು. ಕೂಡಿ ನೋಡಿದಾಗ ಗಾಬರಿಯಾಗುವಂಥ ಉತ್ತರ ಬಂತು. 1943ರಲ್ಲಿದ್ದ ಧಾನ್ಯ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇಕಡಾ 5ರಷ್ಟು ಮಾತ್ರ ಕಡಿಮೆ. 1941ಕ್ಕಿಂತ ಶೇಕಡಾ 13ರಷ್ಟು ಹೆಚ್ಚೇ! 1941ರಲ್ಲಿ ಕ್ಷಾಮವಿರಲಿಲ್ಲ. ಲೆಕ್ಕ ತಪ್ಪಿತೇ? ಹಳೆಯ ದಾಸ್ತಾನು ಬರಿದಾಗಿತ್ತೇ? ಎರಡು ವರ್ಷದ ಸರಾಸರಿ ತೆಗೆದರು, ಮೂರು ವರ್ಷದ್ದು ತೆಗೆದರು, ಹೊರಗಿನಿಂದ ಬಂದ ಗೋಧಿ ಸೇರಿಸಿದರು, ಜನಸಂಖ್ಯೆಯಿಂದ ಭಾಗಿಸಿದರು. ಒಗಟು ಬಿಡಲಿಲ್ಲ. ಅಕ್ಕಿ ಇತ್ತು. ಸುಮಾರು 30 ಲಕ್ಷ ಜನ ಇಲ್ಲವಾಗಿದ್ದರು.

ಆಗ ಅವರು ಕಣಜ ಬಿಟ್ಟು ಕೈಗಳ ಕಡೆ ನೋಡಿದರು. ಕಲ್ಕತ್ತೆಯಲ್ಲಿ 1942ರ ಡಿಸೆಂಬರಿನಲ್ಲಿ ಬಂಗಾಳದ ಒಂದು ಮಣ, ಅಂದರೆ ಸುಮಾರು 37 ಕಿಲೋ ಅಕ್ಕಿಗೆ 13-14 ರೂಪಾಯಿ. ಮರು ವರ್ಷದ ಆಗಸ್ಟಿಗೆ 37 ರೂಪಾಯಿ. ಕೂಲಿ ಎಷ್ಟು ಏರಿತ್ತು? ಅವರು ಬೆಳೆದ ಊರಿನ ಪಕ್ಕದ ಬೋಲ್ಪುರದ ಅಂಕಿಗಳೇ ಬಾಯಿಬಿಟ್ಟವು. ಕೂಲಿ ಏರಿಕೆ ಅಕ್ಕಿಯ ಬೆಲೆಯ ಹತ್ತಿರವೂ ಸುಳಿದಿರಲಿಲ್ಲ. ಕ್ಷೌರಿಕನ ಕತೆ ಇನ್ನೂ ಘೋರ. ಹಸಿದವರು ಮೊದಲು ಬಿಡುವುದು ಕ್ಷೌರವನ್ನು. ಗಿರಾಕಿ ಹೋದ, ಕ್ಷೌರದ ದರ ನೆಲಕಚ್ಚಿತು. ಒಂದು ಕ್ಷೌರಕ್ಕೆ ಮೊದಲು ಸಿಗುತ್ತಿದ್ದ ಅಕ್ಕಿಯಲ್ಲಿ ಕೆಲವು ಜಿಲ್ಲೆಗಳಲ್ಲಿ ಕಾಲು ಪಾಲೂ ಸಿಗಲಿಲ್ಲ. ಬೆಸ್ತರಿಗೂ ಅದೇ ಗತಿ.

ಸೇನ್ ಇಷ್ಟಕ್ಕೇ ನಿಲ್ಲಿಸಲಿಲ್ಲ. ಇಥಿಯೋಪಿಯದ ವೊಲ್ಲೊ ಪ್ರಾಂತ್ಯದ ಲೆಕ್ಕ ತೆಗೆದರು: 1973ರ ಕ್ಷಾಮದಲ್ಲೂ ಅಲ್ಲಿನ ಡೆಸ್ಸೀ ಪೇಟೆಯಲ್ಲಿ ಧಾನ್ಯದ ಬೆಲೆ ಅಷ್ಟೇನೂ ಏರಿರಲಿಲ್ಲ, ಕೊಳ್ಳಲು ಜನರ ಬಳಿ ಕಾಸೇ ಇರಲಿಲ್ಲ. ಸಾಯುತ್ತಿದ್ದ ವೊಲ್ಲೊದಿಂದ ಧಾನ್ಯ ಹೊರಕ್ಕೆ ಹೋಗಿತ್ತು. ಬಾಂಗ್ಲಾದೇಶದ 1974ರ ಕ್ಷಾಮದ ಲೆಕ್ಕ ಇನ್ನೂ ಸ್ಪಷ್ಟ. ಆಚೀಚಿನ ವರ್ಷಗಳಿಗಿಂತ ತಲಾ ಆಹಾರ ಹೆಚ್ಚಿದ್ದ ವರ್ಷವೇ ಅದು. ಪ್ರವಾಹ ಕೂಲಿಯ ಕೆಲಸವನ್ನು ಕಿತ್ತುಕೊಂಡಿತ್ತು.

1981ರಲ್ಲಿ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ ಪುಸ್ತಕದಲ್ಲಿ ಉತ್ತರ ಹೊರಬಂತು. 1943ರ ಬಂಗಾಳದಲ್ಲಿ ಎರಡನೆಯ ಮಹಾಯುದ್ಧದ ದುಡ್ಡು ನಗರಕ್ಕೆ ಹರಿದು ಅಕ್ಕಿಯ ಬೆಲೆಯನ್ನು ಎತ್ತಿತ್ತು. ಕಲ್ಕತ್ತೆಯ ಕಾರ್ಖಾನೆಯವರಿಗೆ ಅಗ್ಗದ ಪಡಿತರ ಸಿಕ್ಕಿತ್ತು. ಹಳ್ಳಿಯ ಕೂಲಿಯವನು ಮಾರಬಹುದಾಗಿದ್ದದ್ದು ತನ್ನ ದುಡಿಮೆಯೊಂದನ್ನೇ, ಆ ದುಡಿಮೆಗೆ ಈಗ ಸಿಗರೇಟು ಡಬ್ಬಿ ತುಂಬುವಷ್ಟೂ ಅಕ್ಕಿ ಹುಟ್ಟುತ್ತಿರಲಿಲ್ಲ.